ಮೀನಿನ ಹುರುಪೆಯಂಥ ಚರ್ಮ: ಅಂಟುರೋಗವಲ್ಲ, ಶಾಪವೂ ಅಲ್ಲ

ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂರುವ ಹುಡುಗ. ಹಣೆ, ಕೈಕಾಲುಗಳ ಮೇಲೆಲ್ಲ ಕಂದುಬಣ್ಣದ ದಪ್ಪ ಹುರುಪೆ. ‘ಸರಿಯಾಗಿ ಸ್ನಾನ ಮಾಡುವುದಿಲ್ಲವೇನೋ’ ಎನ್ನುತ್ತಾರೆ ಕೆಲವರು. ‘ನಾಗದೋಷವಿರಬೇಕು’ ಎಂಬುದು ಇನ್ನು ಕೆಲವರ ಪಿಸುಮಾತು. ಎರಡೂ ತಪ್ಪು. ಇಂಥ ಮಗುವನ್ನು ಕಾಡುತ್ತಿರುವುದು ‘ಇಕ್ತಿಯೋಸಿಸ್’ ಇರಬಹುದು. ಗ್ರೀಕ್ ಭಾಷೆಯಲ್ಲಿ ‘ಇಕ್ತಿಸ್’ ಎಂದರೆ ಮೀನು.

ಇದರಲ್ಲಿ ಹಲವು ಬಗೆಗಳಿವೆ. ಸಾಮಾನ್ಯ ಬಗೆಯಲ್ಲಿ ಕಾಲಿನ ಚರ್ಮ ಒಣಗಿ ಸಣ್ಣ ಹುರುಪೆ ಏಳುತ್ತದೆ, ಚಳಿಗಾಲದಲ್ಲಿ ಹೆಚ್ಚುತ್ತದೆ. ಅಪರೂಪದ್ದು ‘ಲ್ಯಾಮೆಲ್ಲಾರ್’ ಬಗೆ. ಇದರಲ್ಲಿ ಮಗು ಸಾಮಾನ್ಯವಾಗಿ ಪ್ಲಾಸ್ಟಿಕ್ ಹಾಳೆಯಂತೆ ಹೊಳೆಯುವ ಪೊರೆಯೊಂದಿಗೇ ಹುಟ್ಟುತ್ತದೆ. ಅಂಥ ಶಿಶುವಿನ ದೇಹದಿಂದ ನೀರು, ಶಾಖ ಬೇಗ ನಷ್ಟವಾಗುವುದರಿಂದ ತಕ್ಷಣ ಆಸ್ಪತ್ರೆಯ ಆರೈಕೆ ಬೇಕು. ಕೆಲವು ವಾರಗಳಲ್ಲಿ ಪೊರೆ ಕಳಚಿ, ಮುಂದೆ ಮೈಯೆಲ್ಲ ದೊಡ್ಡ ಹುರುಪೆಗಳು ಮೂಡುತ್ತವೆ.

ಏಕೆ ಹೀಗೆ?

ಚರ್ಮದ ಹೊರಪದರ ಇಟ್ಟಿಗೆ ಗೋಡೆಯಂತೆ. ಜೀವಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬೇ ಗಾರೆ. ‘ಟ್ರಾನ್ಸ್‌ಗ್ಲುಟಾಮಿನೇಸ್-1’ ಎಂಬ ಕಿಣ್ವ ಪ್ರತಿ ಇಟ್ಟಿಗೆಗೂ ಗಟ್ಟಿ ಕವಚ ಕಟ್ಟುತ್ತದೆ. ಲ್ಯಾಮೆಲ್ಲಾರ್ ಬಗೆಯ ಅನೇಕರಲ್ಲಿ ಈ ಕಿಣ್ವದ ವಂಶವಾಹಿಯಲ್ಲೇ ದೋಷವಿರುವುದು 1995ರಲ್ಲಿ ಪತ್ತೆಯಾಯಿತು. ಗೋಡೆ ಸೋರುತ್ತದೆ, ಅದನ್ನು ಮುಚ್ಚಲು ದೇಹ ಪದರದ ಮೇಲೆ ಪದರ ಪೇರಿಸುತ್ತದೆ. ಅದೇ ಹುರುಪೆ. ಇದರಲ್ಲಿ ರೋಗಾಣುವಿಲ್ಲ, ಆದ್ದರಿಂದ ಮುಟ್ಟಿದರೆ ಅಂಟುವುದಿಲ್ಲ.

ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ಮಗುವಿಗೆ ಈ ಬಗೆಯ ರೋಗ ಬರುತ್ತದೆ. ಒಂದೊಂದೇ ಪ್ರತಿ ಇರುವ ತಂದೆತಾಯಿ ಆರೋಗ್ಯವಾಗಿಯೇ ಇರುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ನಮ್ಮಲ್ಲಿ ರೂಢಿಯಲ್ಲಿರುವ ಸೋದರಮಾವ, ಅತ್ತೆ ಮಕ್ಕಳೊಂದಿಗಿನ ಮದುವೆಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಕೂಡುವ ಸಾಧ್ಯತೆ ಹೆಚ್ಚು. ಬಸುರಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆರೈಕೆ ಹೇಗೆ?

ಪೂರ್ತಿ ಗುಣಪಡಿಸುವ ಔಷಧಿಯಿಲ್ಲ. ಆದರೆ ನಿತ್ಯದ ಆರೈಕೆಯಿಂದ ಬಹಳ ಹಿತವಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಮೈ ಚೆನ್ನಾಗಿ ನೆನೆಯಲಿ. ಮೆದು ಬಟ್ಟೆಯಿಂದ ಮೃದುವಾಗಿ ಉಜ್ಜಿ. ಮೈ ಪೂರ್ತಿ ಒಣಗುವ ಮುನ್ನವೇ ವ್ಯಾಸಲೀನ್‌ನಂಥ ಮುಲಾಮು ಸವರಿ. ದಿನಕ್ಕೆ ಹಲವು ಬಾರಿ ಸವರಬೇಕಾದೀತು. ಯೂರಿಯಾ, ಲ್ಯಾಕ್ಟಿಕ್ ಆಮ್ಲವಿರುವ ಮುಲಾಮುಗಳನ್ನು ಚರ್ಮತಜ್ಞರನ್ನು ಕೇಳಿಯೇ ಬಳಸಿ. ಸ್ಯಾಲಿಸಿಲಿಕ್ ಆಮ್ಲವನ್ನು ಮಕ್ಕಳ ಮೈಗೆಲ್ಲ ಹಚ್ಚಿದರೆ ರಕ್ತಕ್ಕೆ ಸೇರಿ ಅಪಾಯವಾದೀತು. ಕಣ್ಣುರೆಪ್ಪೆ ಹೊರಕ್ಕೆ ಜಗ್ಗಿದ್ದರೆ ಕಣ್ಣಿನ ವೈದ್ಯರಿಗೂ ತೋರಿಸಿ.

ಶಾಲೆಯಲ್ಲಿ ಗಮನಿಸಬೇಕಾದದ್ದು ಬಿಸಿಲು. ಹುರುಪೆ ಬೆವರಿನ ದಾರಿ ಮುಚ್ಚುವುದರಿಂದ ಇಂಥ ಮಕ್ಕಳ ಮೈ ಬೇಗ ಕಾಯುತ್ತದೆ. ಆಟದ ಬಯಲಿನಲ್ಲಿ ತಲೆನೋವು, ತಲೆಸುತ್ತು, ವಾಂತಿ ಕಂಡರೆ ನೆರಳಿಗೆ ಕರೆದೊಯ್ದು, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಬೇಕು. ಕುಡಿಯಲು ನೀರು ಕೊಡಬೇಕು. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಆಟವನ್ನೇ ನಿಲ್ಲಿಸಬೇಕಿಲ್ಲ, ಬೆಳಗಿನ ತಂಪು ಹೊತ್ತು, ಜೊತೆಗೊಂದು ನೀರಿನ ಬಾಟಲಿ, ಒದ್ದೆ ಬಟ್ಟೆ ಇದ್ದರೆ ಸಾಕು.

ಉಳಿದದ್ದು ಸಹಪಾಠಿಗಳ ಕೈಯಲ್ಲಿದೆ. ಆ ಹುಡುಗನ ಪಕ್ಕದ ಜಾಗ ನಾಳೆ ಖಾಲಿ ಇರಬೇಕಿಲ್ಲ.