ಇಪ್ಪತ್ತೈದನೆಯ ಭಟ

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮೇಜು. ಅದರ ಮೇಲೆ ಗುಡ್ಡ, ತೋಪು, ಬೇಲಿ, ಪಾಳುಗೋಡೆ. ಎದುರುಬದುರಿನ ಅಂಚುಗಳಲ್ಲಿ ಬಣ್ಣ ಬಳಿದ ಕಿರುಪ್ರತಿಮೆಗಳ ಎರಡು ಸೇನೆಗಳು. ಆಟಗಾರರು ಸರದಿಯಂತೆ ತಮ್ಮ ದಳಗಳನ್ನು ಅಳತೆಪಟ್ಟಿಯಿಂದ ಅಳೆದು ಮುನ್ನಡೆಸುವರು; ಏಟು ತಾಗಿತೆ, ಗಾಯವಾಯಿತೆ, ಧೈರ್ಯ ಉಳಿಯಿತೆ ಎಂಬುದನ್ನೆಲ್ಲ ದಾಳಗಳು ನಿರ್ಣಯಿಸುವುವು. ಹೊರಗಿನಿಂದ ನೋಡುವವರಿಗೆ ಇದು ದಾಳದ ಆಟವಾಗಿಯೇ ತೋರುವುದು ಸಹಜ. ಆದರೆ ಮೊದಲ ದಾಳ ಉರುಳುವುದಕ್ಕೆ ಎಷ್ಟೋ ಮುಂಚೆ, ಆಟಗಾರನು ಮನೆಯಲ್ಲಿ ಒಬ್ಬನೇ ಕುಳಿತು, ಯಾವ ದಳಕ್ಕೆ ಎಷ್ಟು ಮಂದಿ ಭಟರು, ಅವರು ಎಷ್ಟು ಅಗಲಕ್ಕೆ ಎಷ್ಟು ಆಳಕ್ಕೆ ನಿಲ್ಲತಕ್ಕದ್ದು ಎಂದು ಕಾಗದದ ಮೇಲೆ ಲೆಕ್ಕ ಹಾಕುವಾಗಲೇ ಯುದ್ಧದ ಬಹುಭಾಗ ತೀರ್ಮಾನವಾಗಿರುತ್ತದೆ. ಆ ಏಕಾಂತದ ಕಲೆಯನ್ನು ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಯುದ್ಧವನ್ನು ಮೇಜಿನ ಮೇಲೆ ಅಭ್ಯಾಸ ಮಾಡುವ ಪದ್ಧತಿಗೆ ಎರಡು ಶತಮಾನಗಳ ಇತಿಹಾಸವಿದೆ. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ‘ಕ್ರೀಗ್‌ಸ್ಪೀಲ್’ ಸೇನಾನಿಗಳ ಶಿಕ್ಷಣಕ್ಕಾಗಿ ಹುಟ್ಟಿದುದು, ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಆಟಿಕೆಯ ಸೈನಿಕರ ಕದನಕ್ಕೆ ನಿಯಮಗಳನ್ನು ಕಟ್ಟಿಕೊಟ್ಟನು. ನಾನು ಇಲ್ಲಿ ಉದಾಹರಣೆಗಾಗಿ ತೆಗೆದುಕೊಂಡಿರುವ ‘ವಾರ್‌ಹ್ಯಾಮರ್’ ಅವುಗಳ ವಂಶದಲ್ಲಿ ಬಂದ ಕಲ್ಪನಾಲೋಕದ ಯುದ್ಧಕ್ರೀಡೆ. ಇಂಗ್ಲೆಂಡಿನ ಬ್ರಯನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್, ರಿಕ್ ಪ್ರೀಸ್ಟ್ಲಿ ಎಂಬ ಮೂವರು ರಚಿಸಿದ ಇದರ ಪ್ರಥಮ ಆವೃತ್ತಿ ಹೊರಬಂದುದು 1983ರಲ್ಲಿ. ಅದರ ಜಗತ್ತಿನಲ್ಲಿ ಹದಿನಾರನೆಯ ಶತಮಾನದ ಜರ್ಮನ್ ಪದಾತಿಗಳನ್ನು ಹೋಲುವ ಭಟರುಳ್ಳ ಮಾನವ ಸಾಮ್ರಾಜ್ಯವಿದೆ. ಎಲ್ಫ್‌ಗಳು, ಕುಬ್ಜರು, ಓರ್ಕ್‌ಗಳು, ಸ್ಕೇವನ್ ಎಂಬ ಮೂಷಿಕಮಾನವರು ಇದ್ದಾರೆ. ಜೀವಿಗಳು ಕಾಲ್ಪನಿಕವಾದರೂ ಅವರ ಕಾಳಗದ ಧರ್ಮ ಮಾತ್ರ ಭುಜಕ್ಕೆ ಭುಜ ತಾಗಿಸಿ ನಿಂತು ಕಾದಾಡಿದ ಪ್ರಾಚೀನ ಪದಾತಿದಳಗಳದು. ಆದುದರಿಂದಲೇ ದಳದ ಗಾತ್ರ, ಆಕಾರಗಳಿಗೆ ಇಲ್ಲಿ ಇಷ್ಟು ಮಹತ್ತ್ವ.

ಪ್ರತಿಯೊಬ್ಬ ಭಟನಿಗೂ ಅವನ ಸಾಮರ್ಥ್ಯಕ್ಕೆ ತಕ್ಕ ಮೌಲ್ಯವನ್ನು ಅಂಕಗಳಲ್ಲಿ ಗೊತ್ತುಮಾಡಲಾಗಿದೆ. ಇಬ್ಬರು ಆಟಗಾರರೂ ಒಪ್ಪಿಕೊಂಡ ಮೊತ್ತ, ರೂಢಿಯಲ್ಲಿ 2000 ಅಂಕಗಳು, ಮೀರದಂತೆ ಸೇನೆಯನ್ನು ಕಟ್ಟಬೇಕು. ಇನ್ನು ಕೈಗೆ ಕೈ ಹತ್ತಿದಾಗ, 2006ರ ಏಳನೆಯ ಆವೃತ್ತಿಯ ನಿಯಮದಂತೆ, ಶತ್ರುವಿಗೆ ತಾಗಿ ನಿಂತ ಮುಂದಿನ ಸಾಲಿನವರಷ್ಟೇ ಸಾಮಾನ್ಯವಾಗಿ ಆಯುಧ ಬೀಸುವರು. ಐದು ಮಂದಿಯ ಐದು ಸಾಲುಗಳಿರುವ ದಳದಲ್ಲಿ ಇಪ್ಪತ್ತು ಮಂದಿ ಬರಿದೆ ನಿಂತಿರುತ್ತಾರೆ. ಹೊಡೆಯದವನಿಗೆ ಅಂಕ ತೆರುವುದೇಕೆ ಎಂಬ ಪ್ರಶ್ನೆಯನ್ನು ಹೊಸಬನು ಕೇಳಿಯೇ ಕೇಳುವನು. ಈ ಕಲೆಯ ಬಾಗಿಲು ತೆರೆಯುವುದು ಆ ಪ್ರಶ್ನೆಯಿಂದಲೇ.

ಉತ್ತರವಿರುವುದು ಜಯಾಪಜಯದ ಗಣನೆಯಲ್ಲಿ. ಎಷ್ಟು ಮಂದಿಯನ್ನು ಕೆಡವಿದೆವು ಎಂಬುದೊಂದೇ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಸಾಲಿನ ಹಿಂದೆ ಐವರು ತುಂಬಿದ ಪ್ರತಿಯೊಂದು ಸಾಲಿಗೂ ಒಂದೊಂದರಂತೆ ಮೂರರವರೆಗೆ, ಧ್ವಜಕ್ಕೆ ಒಂದು, ಸಂಖ್ಯಾಬಲಕ್ಕೆ ಒಂದು ಅಂಕ ಸೇರುತ್ತವೆ. ಐವರು ಕವಚಧಾರಿ ಅಶ್ವಾರೋಹಿಗಳು ಧ್ವಜವನ್ನೆತ್ತಿಕೊಂಡು ಇಪ್ಪತ್ತೈದು ಮಂದಿ ಪದಾತಿಗಳ ಮೇಲೆ ಎದುರಿನಿಂದ ಏರಿಬಂದರೆಂದಿಟ್ಟುಕೊಳ್ಳೋಣ. ಮೊದಲ ಹೊಡೆತಕ್ಕೆ ನಾಲ್ವರು ಪದಾತಿಗಳು ಬೀಳುವರು. ಮುಂದಿನ ಸಾಲಿನಲ್ಲಿ ಉಳಿದ ಒಬ್ಬನ ಏಟು ಉಕ್ಕಿನ ಕವಚಕ್ಕೆ ತಾಗಿ ವ್ಯರ್ಥವಾಗುವುದು. ಕಣ್ಣಿಗೆ ಕಾಣುವಂತೆ ಇದು ಅಶ್ವದಳದ ಸಂಪೂರ್ಣ ವಿಜಯ. ಆದರೆ ಲೆಕ್ಕ ಹಾಕಿದರೆ ಅಶ್ವದಳಕ್ಕೆ ನಾಲ್ಕು ಮತ್ತು ಧ್ವಜದ ಒಂದು, ಒಟ್ಟು ಐದು. ಪದಾತಿಗಳಿಗೆ ಸಾಲುಗಳ ಮೂರು, ಧ್ವಜದ ಒಂದು, ಸಂಖ್ಯಾಬಲದ ಒಂದು, ಅಲ್ಲಿಯೂ ಐದು. ಕಾಳಗ ಸಮವಾಯಿತು! ಆಗ ಯಾರ ದಳದಲ್ಲಿ ಮಾತ್ರ ವಾದ್ಯಗಾರನಿರುವನೋ ಅವರಿಗೆ ಜಯ. ತೇರಿನ ಹಗ್ಗದ ಕೊನೆಯಲ್ಲಿ ನಿಂತು ರಥದ ಗಾಲಿಯನ್ನೇ ಕಾಣದವನ ಕೈಬಲವೂ ಹೇಗೆ ಗಾಲಿಯನ್ನು ಉರುಳಿಸುವುದೋ, ಹಾಗೆ ಆಯುಧವೆತ್ತದ ಹಿಂದಿನ ಮೂರು ಸಾಲುಗಳ ಹದಿನೈದು ಮಂದಿ ಮುಂದಿನವರ ಕಾಲನ್ನು ನೆಲದಲ್ಲಿ ನಿಲ್ಲಿಸಿದರು.

ಅದೇ ಐವರು ಅದೇ ನಾಲ್ವರನ್ನು ಪಾರ್ಶ್ವದಿಂದ ಬಂದು ಕೆಡವಿದರೆ ಫಲ ತಲೆಕೆಳಗಾಗುತ್ತದೆ. ಪಾರ್ಶ್ವಕ್ಕೆ ಏಟು ಬಿದ್ದೊಡನೆ ಸಾಲುಗಳ ಅಂಕಗಳೆಲ್ಲ ಅಳಿದುಹೋಗಿ, ಏರಿಬಂದವರಿಗೆ ಮತ್ತೊಂದು ಅಂಕ ಕೂಡುವುದು: ಆರು ಒಂದು ಕಡೆ, ಎರಡು ಇನ್ನೊಂದು ಕಡೆ. ಸೋತ ದಳ ನಿಲ್ಲಬೇಕಾದರೆ ಎರಡು ದಾಳಗಳ ಮೊತ್ತವು ಅದರ ಧೈರ್ಯಾಂಕದಿಂದ, ಎಂದರೆ ಆಟದವರು ಲೀಡರ್‌ಶಿಪ್ ಎನ್ನುವ ಸಂಖ್ಯೆಯಿಂದ, ಸೋಲಿನ ಅಂತರವನ್ನು ಕಳೆದುಳಿದುದನ್ನು ಮೀರಕೂಡದು. ಮಾನವ ಪದಾತಿಯ ಧೈರ್ಯಾಂಕ 7, ಅಂತರ 4, ಉಳಿದುದು 3. ಮೂವತ್ತಾರು ಸಂಭವಗಳಲ್ಲಿ ಮೂರರಲ್ಲಿ ಮಾತ್ರ ಅವರು ನಿಲ್ಲುವರು. ಓಡುವವರನ್ನು ಅಶ್ವದಳ ಬೆನ್ನಟ್ಟಿ ಹಿಡಿಯಿತೆಂದರೆ ಉಳಿದ ಇಪ್ಪತ್ತೊಂದು ಮಂದಿಯೂ ಒಂದೇ ಗಳಿಗೆಯಲ್ಲಿ ಮೇಜಿನಿಂದ ಇಳಿಯಬೇಕು. ಸಾಮ್ರಾಜ್ಯದ ಸೇನೆಯಲ್ಲಿ ಈ ಅಪಾಯಕ್ಕೊಂದು ಸೊಗಸಾದ ಪರಿಹಾರವಿದೆ: ಮುಖ್ಯದಳದ ಅಕ್ಕಪಕ್ಕದಲ್ಲಿ ಅದರ ಅರ್ಧಗಾತ್ರವನ್ನು ಮೀರದ ಉಪದಳಗಳು ನಿಲ್ಲುವುವು, ಮುಖ್ಯದಳದ ಮೇಲೆ ಶತ್ರು ಏರಿಬಂದಾಗ, ಉಪದಳವು ಆ ಶತ್ರುವಿನ ಪಾರ್ಶ್ವಕ್ಕೆ ತಾನೇ ಹರಿದು ಬೀಳಬಹುದು. ದೊಡ್ಡದು ತಡೆಯುವುದಕ್ಕೆ, ಚಿಕ್ಕದು ಇರಿಯುವುದಕ್ಕೆ. ಗಾತ್ರವೆಂಬುದು ಕೆಲಸವನ್ನು ಅನುಸರಿಸಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಈ ಆಟದಲ್ಲಿ ಕಂಡಿಲ್ಲ.

ಇಪ್ಪತ್ತೈದೇ ಏಕೆ, ಇಪ್ಪತ್ತು ಸಾಲದೆ ಎಂಬುದು ಮುಂದಿನ ವಿಚಾರ. ಇಪ್ಪತ್ತು ಮಂದಿ ನಾಲ್ಕು ಸಾಲುಗಳಲ್ಲಿ ನಿಂತರೆ ಮೂರು ಅಂಕಗಳೇನೋ ಬರುತ್ತವೆ. ಆದರೆ ದೂರದಿಂದ ಬಂದ ಒಂದೇ ಬಾಣಕ್ಕೆ ಒಬ್ಬನು ಬಿದ್ದರೂ ಕೊನೆಯ ಸಾಲು ಊನವಾಗಿ ಒಂದು ಅಂಕ ನಷ್ಟ. ಹತ್ತಿರ ಹೋಗುವ ಮುನ್ನ ಸಾಯತಕ್ಕವರನ್ನು ಮೊದಲೇ ಎಣಿಸಿ ಸೇರಿಸಿಕೊಂಡಿರಬೇಕು. ಇದಲ್ಲದೆ, ಒಂದೇ ಸುತ್ತಿನ ಬಾಣವರ್ಷಕ್ಕೆ ದಳದ ಕಾಲುಭಾಗ ಅಥವಾ ಹೆಚ್ಚು ಮಂದಿ ಬಿದ್ದರೆ ಉಳಿದವರು ಭೀತಿಯ ಪರೀಕ್ಷೆಗೆ ಒಳಗಾಗುವರು. ಇಪ್ಪತ್ತರ ದಳಕ್ಕೆ ಆ ಗಡಿ ಐವರು. ಇಪ್ಪತ್ತನಾಲ್ಕರ ದಳಕ್ಕೆ ಆರು. ಇಪ್ಪತ್ತೈದರ ದಳದಲ್ಲಿ ಆರು ಮಂದಿ ಕಾಲುಭಾಗಕ್ಕೆ ಒಂದಿಷ್ಟು ಕಡಮೆಯಾದುದರಿಂದ ಗಡಿ ಏಳಕ್ಕೆ ಸರಿಯುತ್ತದೆ. ಕೊನೆಗೆ ಸೇರಿಸಿದ ಆ ಒಬ್ಬನೇ ಭಟನು ಇಡೀ ದಳಕ್ಕೆ ಇನ್ನೊಂದು ಸಾವಿನಷ್ಟು ಸಹನೆಯನ್ನು ಕೊಡುವನು. ಆಟಗಾರರು ಇಂಥ ಸಂಖ್ಯೆಗಳನ್ನು ಎಷ್ಟು ಪ್ರೀತಿಯಿಂದ ಚರ್ಚಿಸುವರೆಂದರೆ, ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚೆ ಕಡಮೆಯೆ ಎಂದು ವಾದಿಸುವ ಪಂಡಿತರ ಶ್ರದ್ಧೆ ಅದರಲ್ಲಿದೆ.

ಜನಾಂಗದ ಸ್ವಭಾವವೂ ಸಂಖ್ಯೆಯನ್ನು ನಿಯಮಿಸುವುದುಂಟು. ಸ್ಕೇವನ್ನರು ಹುಟ್ಟಾ ಅಂಜುಬುರುಕರು. ಅವರ ಸಾಧಾರಣ ಪದಾತಿಯ ಧೈರ್ಯಾಂಕ 5, ದಾಳದಲ್ಲಿ ಅದು ಮೂವತ್ತಾರರಲ್ಲಿ ಹತ್ತು ಸಲ ಮಾತ್ರ ಒದಗುವಂಥದು. ಆದರೆ ಸಾಲುಗಳ ಅಂಕವನ್ನು ಅವರು ಧೈರ್ಯಕ್ಕೂ ಕೂಡಿಸಿಕೊಳ್ಳಬಹುದಾದುದರಿಂದ, ಹಿಂದೆ ಮೂರು ಸಾಲು ತುಂಬಿರುವವರೆಗೆ ಅದು 8 ಆಗಿ, ಇಪ್ಪತ್ತಾರು ಸಲ ಒದಗುವುದು. ಗುಂಪಿನಲ್ಲಿರುವಾಗ ಶೂರರು, ಗುಂಪು ಕರಗಿದಂತೆ ಹೇಡಿಗಳು. ಒಂದು ಪ್ರಾಣಿಯ ಮನೋಧರ್ಮವನ್ನು ಇಷ್ಟು ಚಿಕ್ಕ ಸೂತ್ರದಲ್ಲಿ ಅಡಗಿಸಿದವರ ರಚನಾಕೌಶಲವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕುಬ್ಜರದು ಇದಕ್ಕೆ ವಿಪರೀತವಾದ ಪ್ರಕೃತಿ: ಧೈರ್ಯಾಂಕ 9, ದಪ್ಪ ಕವಚ, ನಿಧಾನದ ನಡಿಗೆ, ಅವರ ದಳ ಚಿಕ್ಕದಾಗಿದ್ದರೂ ಅಲುಗದು. ಅದೇ ಜಗತ್ತಿನ ಬ್ರೆಟೋನಿಯ ರಾಜ್ಯದ ಅಶ್ವಾರೋಹಿಗಳಾದರೋ ಮೂವರ ಅಗಲದಲ್ಲಿ ಭಲ್ಲೆಯ ಮೊನೆಯಂತೆ ನುಗ್ಗುವರು. ಬೇರೆಯವರಿಗೆ ಸಾಲೆಂದರೆ ಐವರಾದರೆ ಅವರಿಗೆ ಮೂವರೇ ಸಾಕು.

ಅಗಲ ಹೆಚ್ಚಿದರೆ ಹೊಡೆಯುವ ಕೈಗಳು ಹೆಚ್ಚುವುವೆಂಬುದು ನಿಜ. ಅದಕ್ಕೆ ತೆರಬೇಕಾದ ಬೆಲೆ ತಿರುವಿನಲ್ಲಿದೆ. ದಳ ತಿರುಗುವಾಗ ಒಂದು ಮೂಲೆ ಸ್ಥಿರವಾಗಿದ್ದು, ಹೊರಗಿನ ಮೂಲೆಯ ಭಟನು ಕಂಸಾಕಾರವಾಗಿ ಸಾಗಿದ ದೂರವನ್ನು ಅಳೆಯುವರು. ಆ ಆವೃತ್ತಿಯಲ್ಲಿ ಮಾನವ ಪದಾತಿಯ ಪೀಠ 20 ಮಿಲಿಮೀಟರು ಚೌಕ. ಐವರ ಮುಖ 100 ಮಿಲಿಮೀಟರು. ಕಾಲುಸುತ್ತು ತಿರುಗಲು ಸುಮಾರು 6 ಇಂಚು. ವೇಗದ ನಡಿಗೆಯಲ್ಲಿ 8 ಇಂಚು ಸಾಗಬಲ್ಲ ದಳಕ್ಕೆ ಇದು ಒಂದು ಸರದಿಯ ಕೆಲಸ. ಅದನ್ನೇ ಹತ್ತು ಮಂದಿಯ ಅಗಲಕ್ಕೆ ಹರಡಿದರೆ 12 ಇಂಚು ಮೀರುವುದು. ಎರಡು ಸರದಿಗಳು ತಿರುಗುವುದರಲ್ಲೇ ಕಳೆದುಹೋಗಿ, ಅಷ್ಟರಲ್ಲಿ ಎದುರಾಳಿಯ ಕುದುರೆಗಳು ಪಾರ್ಶ್ವವನ್ನು ಸೇರಿರುತ್ತವೆ.

ಇವೆಲ್ಲ ಆಟದವರು ಕಟ್ಟಿದ ಕೃತಕ ನಿಯಮಗಳೆಂದು ತಳ್ಳಿಹಾಕುವಂತಿಲ್ಲ. ಕ್ರಿ. ಪೂ. 371ರಲ್ಲಿ ಗ್ರೀಸಿನ ಲ್ಯೂಕ್ಟ್ರದ ಬಯಲಿನಲ್ಲಿ ಥೀಬ್ಸಿನ ಸೇನಾನಿ ಎಪಮಿನೊಂಡಸನು ತನ್ನ ಎಡಪಕ್ಕವನ್ನು ಐವತ್ತು ಸಾಲು ಆಳಕ್ಕೆ ನಿಲ್ಲಿಸಿ, ಹನ್ನೆರಡು ಸಾಲಿನ ಸ್ಪಾರ್ಟನ್ನರನ್ನು ಮುರಿದನು. ಆ ಐವತ್ತರಲ್ಲಿ ಬಹುಪಾಲು ಮಂದಿಯ ಭಲ್ಲೆ ಶತ್ರುವನ್ನು ಮುಟ್ಟುವಂತಿರಲಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿಯೂ ದಂಡ, ಭೋಗ, ಮಂಡಲ, ಅಸಂಹತವೆಂಬ ವ್ಯೂಹಗಳ ವಿಚಾರವಿದೆ; ಪದಾತಿಗಳ ನಡುವೆ ಒಂದು ಶಮ, ಎಂದರೆ 14 ಅಂಗುಲ, ಅಶ್ವಗಳ ನಡುವೆ ಮೂರು ಶಮ ಅಂತರವಿರತಕ್ಕದ್ದೆಂಬ ವಿಧಿಯಿದೆ. ಕಿರುಪ್ರತಿಮೆಗಳ ಪೀಠಗಳನ್ನು ಮಿಲಿಮೀಟರುಗಳಲ್ಲಿ ಗೊತ್ತುಮಾಡಿದವರು ಎದುರಿಸಿದ ಪ್ರಶ್ನೆಯೇ ಅದು: ಒಬ್ಬ ಯೋಧನಿಗೆ ಎಷ್ಟು ನೆಲ?

ಮತ್ತೆ ಆಟಕ್ಕೆ ಬಂದರೆ, 2010ರ ಎಂಟನೆಯ ಆವೃತ್ತಿ ಅಗಲ ಆಳಗಳ ಈ ಸಮತೋಲವನ್ನು ಅಲುಗಿಸಿತು. ಶತ್ರುವಿಗಿಂತ ಹೆಚ್ಚು ಸಾಲುಗಳುಳ್ಳ ದಳ ಎಷ್ಟೇ ಹೀನಾಯವಾಗಿ ಸೋತರೂ ತನ್ನ ಪೂರ್ಣ ಧೈರ್ಯಾಂಕದಿಂದಲೇ ಪರೀಕ್ಷೆ ಎದುರಿಸಬಹುದೆಂದು ಒಂದು ನಿಯಮ. ಹತ್ತು ಮಂದಿ ಅಗಲಕ್ಕೆ ನಿಂತ ದಳದಲ್ಲಿ ಇನ್ನೊಂದು ಸಾಲು ಹೆಚ್ಚಾಗಿ ಹೊಡೆಯಬಹುದೆಂದು ಇನ್ನೊಂದು. ಎರಡು ವಾಕ್ಯಗಳ ಬಲದಿಂದ ಸೇನೆಗಳ ರೂಪವೇ ಬದಲಾಗಿ, ನಲವತ್ತು, ಐವತ್ತು ಮಂದಿಯ ಮಹಾದಳಗಳು ಮೇಜನ್ನು ತುಂಬಿದುವು. ಆ ದೃಶ್ಯದಲ್ಲಿ ಗಾಂಭೀರ್ಯವಿತ್ತೆಂಬುದನ್ನು ಒಪ್ಪುತ್ತೇನೆ. ಆದರೆ ಪಾರ್ಶ್ವದ ಭಯ ಸಡಿಲಿದಾಗ ಚಲನೆಯ ಸೊಬಗು ಕುಗ್ಗಿತು, ನಲವತ್ತು ಪ್ರತಿಮೆಗಳನ್ನು ಕೊಂಡು ಬಣ್ಣ ಬಳಿಯಲಾರದ ಹೊಸಬನು ಹೊರಗುಳಿದನು. ಇದು ಆಟದ ಹಿತಕ್ಕೆ ಒಳ್ಳೆಯದಾಗಲಿಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ.

2015ರಲ್ಲಿ ಪ್ರಕಾಶಕರು ಆ ಪ್ರಾಚೀನ ಜಗತ್ತನ್ನೇ ಕಥೆಯೊಳಗೆ ನಾಶಗೊಳಿಸಿ ಬೇರೊಂದು ಆಟವನ್ನು ಹೊರತಂದರು; ಸಾಲುಗಟ್ಟಿ ನಿಲ್ಲುವ ಪದ್ಧತಿ ಅದರಲ್ಲಿ ಉಳಿಯಲಿಲ್ಲ. ಅಭಿಮಾನಿಗಳ ಹಂಬಲ ಅಡಗಲಿಲ್ಲವಾಗಿ, 2024ರಲ್ಲಿ ‘ದಿ ಓಲ್ಡ್ ವರ್ಲ್ಡ್’ ಎಂಬ ಹೆಸರಿನಿಂದ ಸಾಲುಗಳು ಮರಳಿದುವು. ಈ ಸಲ ಮಾನವ ಪದಾತಿಯ ಪೀಠ 25 ಮಿಲಿಮೀಟರಿಗೆ ಬೆಳೆದಿದೆ. ಐವರ ಮುಖ 125 ಮಿಲಿಮೀಟರಾಗಿ, ಕಾಲುಸುತ್ತಿನ ತಿರುವಿಗೆ ಹೆಚ್ಚುಕಡಮೆ 8 ಇಂಚು ಬೇಕಾಗುವುದು. ಹಳೆಯ ಸೇನೆಯನ್ನು ಪೆಟ್ಟಿಗೆಯಿಂದ ಹೊರತೆಗೆದವರೆಲ್ಲ ಕಾಗದ ಹಿಡಿದು ಅಗಲ ಆಳಗಳ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗಿ ಬಂದಿದೆ.