ಮುಟ್ಟಿ ನೋಡುವ ಮ್ಯೂಸಿಯಂಗೆ ಮಕ್ಕಳೊಡನೆ ಒಂದು ದಿನ

ಅಡಿಕೆ ಕೊಯ್ಲು ಮುಗಿದು, ಕಣದ ಕಾಫಿ ಮೂಟೆ ಸೇರಿ, ಶಾಲೆಗಳಿಗೆ ರಜೆ ಬಂತೆಂದರೆ ನಮ್ಮ ಬೆಳೆಗಾರರ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ವಾಡಿಕೆ. ಹೊರಡುವುದು ಹೆಚ್ಚಾಗಿ ದೇವಸ್ಥಾನಗಳಿಗೆ, ಇಲ್ಲವೆ ನೆಂಟರ ಮನೆಯ ಮದುವೆ ಮುಂಜಿಗಳಿಗೆ. ಅದು ತಪ್ಪೇನಲ್ಲ. ಆದರೆ ಅಂಥ ಪ್ರವಾಸಗಳಲ್ಲಿ ಮಕ್ಕಳು ದೊಡ್ಡವರ ಬೆನ್ನ ಹಿಂದೆ ನಡೆಯುವವರು. ವರ್ಷಕ್ಕೆ ಒಂದು ದಿನವಾದರೂ ಮಕ್ಕಳು ಮುಂದೆ, ದೊಡ್ಡವರು ಹಿಂದೆ ನಡೆಯುವಂಥ ಪ್ರವಾಸ ಇರಬೇಕೆಂದು ನಮ್ಮ ಅಭಿಪ್ರಾಯ. ಅದಕ್ಕೆ ತಕ್ಕ ಜಾಗವೆಂದರೆ ಮಕ್ಕಳು ತಮ್ಮ ಕೈಯಿಂದಲೇ ಮುಟ್ಟಿ, ಎಳೆದು, ತಿರುಗಿಸಿ ನೋಡಬಹುದಾದ ವಿಜ್ಞಾನ ಮ್ಯೂಸಿಯಂ. ಅಲ್ಲಿಗೆ ಹೋಗಿಬರುವ ಸಿದ್ಧತೆಯನ್ನು ಕುರಿತು ನಮ್ಮ ಸದಸ್ಯ ಬಂಧುಗಳಿಗೆ ಉಪಯೋಗವಾಗಬಹುದಾದ ನಾಲ್ಕು ಮಾತುಗಳನ್ನು ಇಲ್ಲಿ ಬರೆದಿದ್ದೇವೆ.

ಏಕೆ ಹೋಗಬೇಕು?

ನಮ್ಮ ತೋಟದ ಮನೆಗಳಲ್ಲಿ ಯಂತ್ರಗಳಿಗೆ ಬಡತನವಿಲ್ಲ. ಬಾವಿಕಟ್ಟೆಯಲ್ಲಿ ಪಂಪು, ಕೊಟ್ಟಿಗೆಯ ಮೂಲೆಯಲ್ಲಿ ಡೀಸೆಲ್ ಇಂಜಿನ್ನು, ಕಾಫಿಗೆ ಪಲ್ಪರ್, ಔಷಧಿಗೆ ಸಿಂಪಡಣೆ ಯಂತ್ರ, ಅಡಿಕೆ ಸುಲಿಯುವ ಯಂತ್ರ. ಪೇಟೆಯ ಮಕ್ಕಳು ಚಿತ್ರದಲ್ಲಿ ನೋಡುವುದನ್ನು ನಮ್ಮ ಮಕ್ಕಳು ಅಂಗಳದಲ್ಲೇ ನೋಡುತ್ತಾರೆ. ಆದರೆ ಆ ಯಂತ್ರಗಳ ಬಳಿ ಮಗು ಸುಳಿದೊಡನೆ ನಮ್ಮ ಬಾಯಿಂದ ಬರುವ ಮಾತು ಒಂದೇ: "ಮುಟ್ಟಬೇಡ!" ಬೆಲ್ಟಿಗೆ ಬೆರಳು ಸಿಕ್ಕೀತು, ಸ್ಟಾರ್ಟರಿನಲ್ಲಿ ಕರೆಂಟು ಹೊಡೆದೀತು, ಮೈಲುತುತ್ತು ಬಾಯಿಗೆ ಹೋದೀತು ಎಂಬ ಭಯ. ಆ ಭಯ ಸಕಾರಣವಾದದ್ದೇ. ಆ ಮಾತನ್ನು ನಾವು ಬಿಡುವ ಹಾಗೂ ಇಲ್ಲ.

ಆದರೆ ಹತ್ತು ವರ್ಷ ಇದೇ ಮಾತನ್ನು ಕೇಳಿದ ಮಗು ಮುಟ್ಟುವುದನ್ನು ಬಿಡುವುದರ ಜೊತೆಗೆ ಕೇಳುವುದನ್ನೂ ಬಿಡುತ್ತದೆ. ಪಂಪು ನೀರೆತ್ತುತ್ತದೆ, ಎತ್ತದಿದ್ದರೆ ಮೆಕ್ಯಾನಿಕ್ ಬರುತ್ತಾನೆ, ಅಲ್ಲಿಗೆ ಮುಗಿಯಿತು. ಮುಂದೆ ಆ ಮಗು ತೋಟದಲ್ಲೇ ಉಳಿಯಲಿ, ಊರು ಬಿಟ್ಟು ಉದ್ಯೋಗಕ್ಕೆ ಹೋಗಲಿ, "ಇದು ಹೇಗೆ ನಡೆಯುತ್ತದೆ?" ಎಂದು ಕೇಳುವ ಗುಣ ಹೋದರೆ ಅದು ನಷ್ಟವೇ ಸರಿ. ಆದ್ದರಿಂದ "ಮುಟ್ಟು, ತಿರುಗಿಸು, ಏನಾಗುತ್ತದೆ ನೋಡು" ಎಂದು ಹೇಳುವ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಬರಿಯ ಮೋಜಿನ ಖರ್ಚಲ್ಲ.

ಇದು ನಿನ್ನೆ ಮೊನ್ನೆಯ ವಿಚಾರವೂ ಅಲ್ಲ. ಮಕ್ಕಳಿಗಾಗಿಯೇ ಮೀಸಲಾದ ಮೊದಲ ಮ್ಯೂಸಿಯಂ ಅಮೆರಿಕದ ಬ್ರೂಕ್ಲಿನ್ನಿನಲ್ಲಿ 1899ರಲ್ಲಿ ತೆರೆಯಿತು. 1969ರಲ್ಲಿ ಫ್ರಾಂಕ್ ಓಪನ್‌ಹೈಮರ್ ಎಂಬ ಭೌತವಿಜ್ಞಾನಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ 'ಎಕ್ಸ್‌ಪ್ಲೊರೇಟೋರಿಯಂ' ಕೈಯಿಂದ ಮಾಡಿ ತಿಳಿಯುವ ಈ ಪದ್ಧತಿಗೆ ಲೋಕಪ್ರಸಿದ್ಧಿ ತಂದಿತು. ಇವರು ವಿಶ್ವವಿದ್ಯಾಲಯದ ಕೆಲಸ ಬಿಡಬೇಕಾಗಿ ಬಂದ ಮೇಲೆ ಕೆಲವು ವರ್ಷ ದನ ಸಾಕಿಕೊಂಡು ರೈತರಾಗಿಯೇ ಬಾಳಿದವರು, ಅನಂತರ ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು ಎಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ.

ನಮಗೆ ಹತ್ತಿರದವು ಯಾವುವು?

ನಮ್ಮ ರಾಜ್ಯದಲ್ಲಿ ಮೊದಲು ನೆನೆಯಬೇಕಾದದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು. ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡ 1962ರಲ್ಲೇ, ಜುಲೈ ತಿಂಗಳಲ್ಲಿ, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಇದರ ಕಟ್ಟಡವನ್ನು ಉದ್ಘಾಟಿಸಿದರು. 1965ರಲ್ಲಿ ವಿದ್ಯುಚ್ಛಕ್ತಿಯ ವಿಭಾಗದೊಡನೆ ಜನರಿಗೆ ಬಾಗಿಲು ತೆರೆಯಿತು. 1978ರಿಂದ ಇದು ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿನ ಆಡಳಿತದಲ್ಲಿದೆ.

ಕರಾವಳಿಯ ಸದಸ್ಯರಿಗೆ ಮಂಗಳೂರಿನ ಹೊರವಲಯದ ಪಿಲಿಕುಳ ಹತ್ತಿರ. ಅಲ್ಲಿನ ನಿಸರ್ಗಧಾಮದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಪ್ರಾಣಿಗಳ ಉದ್ಯಾನವೂ ಇದೆ. ಕೊಡಗು, ಹಾಸನದ ಕಡೆಯವರು ಮೈಸೂರಿಗೆ ಹೋದಾಗ ಕಾರಂಜಿ ಕೆರೆಯ ದಂಡೆಯಲ್ಲಿರುವ ಪ್ರಾದೇಶಿಕ ಪ್ರಾಕೃತಿಕ ವಸ್ತುಸಂಗ್ರಹಾಲಯವನ್ನು ನೋಡಬಹುದು. 1995ರಲ್ಲಿ ಆರಂಭವಾದ ಇದರಲ್ಲಿ ಕಾಡು, ಗಿಡ, ಪ್ರಾಣಿಗಳ ವಿಚಾರ ಮುಖ್ಯ.

ಒಂದೇ ದಿನದಲ್ಲಿ ಎರಡು ಊರು, ಮೂರು ಮ್ಯೂಸಿಯಂ ಎಂದು ಹೊರಡಬೇಡಿ. ಒಂದು ದಿನಕ್ಕೆ ಒಂದೇ ಸಾಕು. ಚಿಕ್ಕ ಮಕ್ಕಳಿದ್ದರೆ ಮೊದಲ ಸಲ ಹತ್ತಿರದ್ದೇ ಲೇಸು.

ಯಾವಾಗ ಹೊರಡುವುದು?

ಪೇಟೆಯವರಿಗೆ ರಜೆ ಬಂದರೆ ಸಾಕು. ನಮಗೆ ರಜೆಯೂ ಕೂಡಬೇಕು, ತೋಟವೂ ಬಿಡಬೇಕು. ನವೆಂಬರಿನಿಂದ ಮಾರ್ಚಿಯ ವರೆಗೆ ಅಡಿಕೆ, ಕಾಫಿ ಎರಡರ ಕೊಯ್ಲಿನ ಭರ. ಅಂಗಳದಲ್ಲಿ ಅಡಿಕೆ ಹರವಿಟ್ಟು ಮನೆ ಬೀಗ ಹಾಕಿ ಹೋಗುವಂತಿಲ್ಲ. ಜೂನ್ ಹತ್ತಿರ ಬಂದರೆ ಬೋರ್ಡೋ ದ್ರಾವಣದ ಗಡಿಬಿಡಿ. ಹಾಗಾಗಿ ನಮಗೆ ಉಳಿಯುವುದು ಎರಡು ಅವಕಾಶ. ಒಂದು, ದಸರಾ ರಜೆ. ಮಳೆ ಹಿಂಜರಿದಿರುತ್ತದೆ, ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಇನ್ನೊಂದು, ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ. ಒಂದೆರಡು ಒಳ್ಳೆಯ ಮಳೆ ಬಿದ್ದು ತೋಟಕ್ಕೆ ನೀರು ಬಿಡುವ ಚಿಂತೆ ತಗ್ಗಿದ್ದರೆ ಹೊರಡಲು ಅದೇ ಸಮಯ.

ಆದಷ್ಟು ಭಾನುವಾರ ಮತ್ತು ಹಬ್ಬದ ಮರುದಿನಗಳನ್ನು ತಪ್ಪಿಸಿ. ಜನಜಂಗುಳಿಯಲ್ಲಿ ಮಗುವಿಗೆ ಒಂದು ಹಿಡಿಕೆ ತಿರುಗಿಸಲು ಸರದಿ ಸಿಗುವುದೇ ಕಷ್ಟ. ನೂಕುವವರು ಹಿಂದೆ ನಿಂತಿದ್ದರೆ ಯೋಚಿಸುವುದು ಇನ್ನೂ ಕಷ್ಟ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಎರಡು ಗಂಟೆ ಮಕ್ಕಳ ಮನಸ್ಸೂ ಹಸನಾಗಿರುತ್ತದೆ, ಜಾಗವೂ ಬರಿದಾಗಿರುತ್ತದೆ. ತೆರೆಯುವ ಹೊತ್ತು, ವಾರದ ರಜೆ, ಪ್ರವೇಶ ದರ ಇವನ್ನು ಹೊರಡುವ ಮುನ್ನ ಫೋನು ಮಾಡಿ ಕೇಳಿಕೊಳ್ಳುವುದು ಜಾಣತನ.

ಹೊರಡುವ ಮೊದಲು

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರು, ಶಿವಮೊಗ್ಗದಿಂದ ಸುಮಾರು 300, ಚಿಕ್ಕಮಗಳೂರು ಮತ್ತು ಮಡಿಕೇರಿಯಿಂದ ಸುಮಾರು 250. ರಾತ್ರಿ ಬಸ್ಸಿನಲ್ಲಿ ಬಂದಿಳಿದು, ಮುಖ ತೊಳೆದು ನೇರ ಮ್ಯೂಸಿಯಂಗೆ ನುಗ್ಗಿದರೆ ಮಕ್ಕಳು ಹನ್ನೊಂದು ಗಂಟೆಗೇ ತೂಕಡಿಸುತ್ತಾರೆ. ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ನಿದ್ದೆ ಮಾಡಿ ಹೊರಡುವುದು ಉತ್ತಮ.

ಮೆಜೆಸ್ಟಿಕ್‌ನಿಂದ ಮೆಟ್ರೋ ರೈಲಿನಲ್ಲಿ ಹೋಗುವವರಿಗೆ ಒಂದು ಸೂಚನೆ. ಮೊದಲು ಬರುವ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೇ ಇದೆ. ಹೆಸರು ಕೇಳಿ ಅಲ್ಲಿ ಇಳಿಯಬೇಡಿ, ಅದು ಸೆಂಟ್ರಲ್ ಕಾಲೇಜಿನ ಬಳಿ. ಮುಂದೆ ವಿಧಾನಸೌಧ ದಾಟಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ನಡೆದೋ ಆಟೋ ಹಿಡಿದೋ ಹೋಗಬಹುದು.

ಅಜ್ಜ ಅಜ್ಜಿಯರನ್ನು ಬಿಟ್ಟು ಹೋಗಬೇಡಿ. ಆದರೆ ಅವರು ಎಲ್ಲ ಅಂತಸ್ತುಗಳನ್ನೂ ಹತ್ತಿಳಿಯಬೇಕಾಗಿಲ್ಲ. ಎಲ್ಲರೂ ಮತ್ತೆ ಸೇರುವ ಒಂದು ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡರೆ ಸಾಕು. ನೆರೆಹೊರೆಯ ನಾಲ್ಕು ಮನೆಯವರು ಕೂಡಿ ಒಂದು ವಾಹನ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಆಗ ಮೂರು ಮಕ್ಕಳಿಗೆ ಒಬ್ಬ ದೊಡ್ಡವರಂತೆ ಹೊಣೆ ಹಂಚಿಕೊಳ್ಳಬೇಕು.

ಇನ್ನೊಂದು ಸಿದ್ಧತೆಗೆ ದುಡ್ಡು ಬೇಡ. ಹೊರಡುವ ಹಿಂದಿನ ವಾರ ಮಕ್ಕಳೊಡನೆ ತೋಟದ ಯಂತ್ರಗಳನ್ನು ದೂರದಿಂದಲೇ ನೋಡಿ, ಪ್ರತಿ ಮಗುವೂ ಒಂದೊಂದು ಪ್ರಶ್ನೆ ಬರೆದುಕೊಳ್ಳಲಿ. ಪ್ರಶ್ನೆ ಜೇಬಿನಲ್ಲಿಟ್ಟುಕೊಂಡು ಹೋದ ಮಗು ಕಾಣುವುದೇ ಬೇರೆ.

ಅಲ್ಲಿ ನೋಡುವಾಗ

ಬೆಂಗಳೂರಿನ ಮ್ಯೂಸಿಯಂನಲ್ಲಿ ಇಂಜಿನ್ನುಗಳ ವಿಭಾಗ, ವಿದ್ಯುತ್ತಿನ ವಿಭಾಗ, ಆಟದ ಮೂಲಕ ವಿಜ್ಞಾನ ತಿಳಿಸುವ ವಿಭಾಗ, ಬಾಹ್ಯಾಕಾಶ ವಿಭಾಗ ಹೀಗೆ ಹಲವು ಇವೆ. ಎಲ್ಲವನ್ನೂ ಮುಗಿಸಿಯೇ ಬರುತ್ತೇವೆಂಬ ಹಟ ಬೇಡ. ಮೂರು ವಿಭಾಗ ನಿಧಾನವಾಗಿ ನೋಡಿದರೆ ಹಣ ಸಾರ್ಥಕ.

ನಮ್ಮ ಮಕ್ಕಳು ಇಂಜಿನ್ನಿನ ವಿಭಾಗದಲ್ಲಿ ಮೊದಲು ನಿಲ್ಲಲಿ. ಮನೆಯ ಡೀಸೆಲ್ ಇಂಜಿನ್ನಿನ ಹೊರಮೈ ಮಾತ್ರ ಅವರಿಗೆ ಗೊತ್ತು. ಒಳಗಿನ ಪಿಸ್ಟನ್ ಗಾಳಿ ಎಳೆದುಕೊಳ್ಳುವುದು, ಅದನ್ನು ಒತ್ತುವುದು, ಎಣ್ಣೆ ಉರಿದು ಪಿಸ್ಟನ್ನನ್ನು ತಳ್ಳುವುದು, ಹೊಗೆ ಹೊರಬೀಳುವುದು, ಈ ನಾಲ್ಕು ಹಂತಗಳನ್ನು ಬೆರಳಿಟ್ಟು ಎಣಿಸಿದರೆ ಮನೆಯ ಇಂಜಿನ್ನಿನ ಸದ್ದೂ ಅರ್ಥವಾಗುತ್ತದೆ.

ವಿದ್ಯುತ್ತಿನ ಬಳಿ ಕೈಯಿಂದ ತಿರುಗಿಸುವ ಡೈನಮೋ ಸಿಕ್ಕರೆ ಬಿಡಬೇಡಿ. ಬಲ್ಬಿಗೆ ಸಂಪರ್ಕವಿಲ್ಲದಾಗ ಹಿಡಿಕೆ ಹಗುರ. ಸಂಪರ್ಕ ಕೊಟ್ಟೊಡನೆ ಅದೇ ಹಿಡಿಕೆ ಭಾರವಾಗುತ್ತದೆ. ದೀಪ ಉರಿಯಬೇಕಾದರೆ ಯಾರೋ ದುಡಿಯಲೇಬೇಕು ಎಂಬುದು ಮಗುವಿನ ರಟ್ಟೆಗೇ ತಿಳಿಯುತ್ತದೆ. ಕರೆಂಟು ಪೋಲು ಮಾಡಬೇಡ ಎಂದು ನಾವು ನೂರು ಸಲ ಹೇಳಿದರೂ ಇಷ್ಟು ನಾಟದು.

ಗಾಳಿಯ ಒತ್ತಡದ ಪ್ರಯೋಗಗಳು ಕಂಡರೆ ಪಂಪಿನ ಪ್ರಶ್ನೆ ತೆಗೆಯಿರಿ. ಕಟ್ಟೆಯ ಮೇಲಿನ ಪಂಪು ನೀರಿನ ಮಟ್ಟದಿಂದ ಇಪ್ಪತ್ತೈದು ಅಡಿಗಿಂತ ಮೇಲಿದ್ದರೆ ನೀರು ಎಳೆಯಲು ತಿಣುಕುತ್ತದೆಂದು ನಮಗೆಲ್ಲ ಗೊತ್ತು. ಬೇಸಿಗೆಯಲ್ಲಿ ಬಾವಿಗೆ ಪಂಪು ಇಳಿಸುವುದೂ ಅದಕ್ಕೇ. ನಿಜವಾಗಿ ಪಂಪು ನೀರನ್ನು ಎಳೆಯುವುದಿಲ್ಲ. ಅದು ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿ ಬಾವಿಯ ನೀರನ್ನು ಒತ್ತಿ ಮೇಲೇರಿಸುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಹೊರಬಲ್ಲ ನೀರಿನ ಕಂಬ ಸುಮಾರು 34 ಅಡಿ ಮಾತ್ರ. ಪೈಪಿನ ಉಜ್ಜಾಟ, ಸಣ್ಣಪುಟ್ಟ ಸೋರಿಕೆ ಕಳೆದರೆ ನಮಗೆ ದಕ್ಕುವುದು ಇನ್ನೂ ಕಡಿಮೆ. ಇಟಲಿಯ ಟಾರಿಚೆಲ್ಲಿ 1643ರ ಸುಮಾರಿಗೆ ಪಾದರಸದ ಕೊಳವೆಯಲ್ಲಿ ತೋರಿಸಿದ ಈ ತತ್ತ್ವ ನಮ್ಮ ಬಾವಿಕಟ್ಟೆಯಲ್ಲೂ ಅದೇ.

ರೈಟ್ ಸೋದರರ ವಿಮಾನದ ಪ್ರತಿಕೃತಿಯ ಮುಂದೆ ಒಂದು ಲೆಕ್ಕ ಹಾಕಿಸಿ. 1903ರ ಡಿಸೆಂಬರ್ 17ರಂದು ಅದು ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ಅರುವತ್ತು ಅಡಿಯ ಎರಡು ಅಡಿಕೆ ಮರಗಳನ್ನು ಸಾಲಾಗಿ ಮಲಗಿಸಿದಷ್ಟು ದೂರ.

ಹಿರಿಯರಿಗೆ ಎರಡು ಮಾತು

ಮೊದಲನೆಯದು, ಉತ್ತರ ಕೊಡಲು ಅವಸರ ಬೇಡ. ಗೋಡೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಮುಂದಕ್ಕೆ ಎಳೆದೊಯ್ಯುವುದು ನಮ್ಮೆಲ್ಲರ ಅಭ್ಯಾಸ. ಮಗು ಒಂದೇ ಹಿಡಿಕೆಯನ್ನು ಹತ್ತು ಸಲ ತಿರುಗಿಸಲಿ. ಮೊದಲ ಸಲ ಆಟ, ಐದನೆಯ ಸಲ ಅನುಮಾನ, ಹತ್ತನೆಯ ಸಲ ಯೋಚನೆ. ನಮಗೆ ಉತ್ತರ ಗೊತ್ತಿಲ್ಲದಿದ್ದರೆ "ನನಗೂ ತಿಳಿಯದು, ನೋಡೋಣ" ಎನ್ನಲು ಸಂಕೋಚ ಬೇಡ.

ಎರಡನೆಯದು, ಹೆಣ್ಣುಮಕ್ಕಳ ವಿಚಾರ. ಯಂತ್ರವೆಂದರೆ ಹುಡುಗರ ಸೊತ್ತು ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅಣ್ಣ ತಿರುಗಿಸುತ್ತಾನೆ, ತಂಗಿ ನೋಡುತ್ತಾಳೆ. ಆ ದಿನ ತಂಗಿಯ ಕೈ ಮೊದಲು ಹಿಡಿಕೆಯ ಮೇಲೆ ಬೀಳಲಿ. ಮನೆಯಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ ಪಂಪು ನಿಂತರೆ ತೊಂದರೆ ಯಾರಿಗೆಂದು ನಮ್ಮ ಮಹಿಳೆಯರನ್ನು ಕೇಳಿದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಮನೆಗೆ ಬಂದ ಮೇಲೆ

ಬಂದ ದಿನವೇ ಮಕ್ಕಳಿಗೆ ಒಂದು ವಿಚಾರ ಸ್ಪಷ್ಟವಾಗಿ ಹೇಳಿ: ಅಲ್ಲಿ ಮುಟ್ಟಲು ಕೊಟ್ಟ ಯಂತ್ರಗಳು ಮಕ್ಕಳ ಕೈಗೆಂದೇ ಮಾಡಿದವು. ಮನೆಯ ಸ್ಟಾರ್ಟರು, ಬೆಲ್ಟು, ಔಷಧಿಯ ಡಬ್ಬಿಗಳು ಹಾಗಲ್ಲ, ಅವುಗಳಿಗೆ ಹಳೆಯ ಕಟ್ಟಳೆಯೇ ಸರಿ. ಆದರೆ ನಿರಪಾಯವಾದ ಕೆಲವನ್ನು ನಾವೇ ಬಿಟ್ಟುಕೊಡಬಹುದು. ಎರಡು ಬಕೆಟ್ಟು, ಒಂದು ಮಾರು ಹಳೆಯ ಪೈಪು ಕೊಟ್ಟು ಮೇಲಿನ ಬಕೆಟ್ಟಿನ ನೀರನ್ನು ಕೆಳಗಿನದಕ್ಕೆ ಇಳಿಸಲು ಹೇಳಿ. ಪೈಪು ತುಂಬ ನೀರು ತುಂಬಿ, ಎರಡೂ ತುದಿ ಬೆರಳಿನಿಂದ ಮುಚ್ಚಿ, ಒಂದು ತುದಿಯನ್ನು ಮೇಲಿನ ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಇನ್ನೊಂದನ್ನು ಕೆಳಗಿಳಿಸಿ ಬಿಟ್ಟರೆ ನೀರು ತಾನೇ ಹರಿಯುತ್ತದೆ. ಕೆಳಗಿನ ತುದಿಯನ್ನು ಮೇಲಿನ ನೀರಿನ ಮಟ್ಟಕ್ಕೆ ಎತ್ತಿದೊಡನೆ ನಿಲ್ಲುತ್ತದೆ. ಏಕೆಂದು ಅವರೇ ಹೇಳಲಿ. ಭಾರವಾದ ಕಲ್ಲನ್ನು ಹಾರೆಯಿಂದ ಮೀಟುವಾಗ ಆಧಾರದ ಕಲ್ಲನ್ನು ಹತ್ತಿರ ದೂರ ಇಟ್ಟು ನೋಡುವುದೂ ಹಾಗೆಯೇ. ದೊಡ್ಡವರು ಬಳಿಯಲ್ಲಿದ್ದರೆ ಸಾಕು.

ಮುಂದಿನ ಸಲ ಪಂಪು ರಿಪೇರಿಗೆ ಮೆಕ್ಯಾನಿಕ್ ಬಂದಾಗ ಮಗುವನ್ನು ಒಳಗೆ ಅಟ್ಟಬೇಡಿ. ಮೈನ್ ಸ್ವಿಚ್ಚು ತೆಗೆದ ಮೇಲೆ, ನಾಲ್ಕು ಅಡಿ ದೂರದಲ್ಲಿ ನಿಂತು ನೋಡಲು ಬಿಡಿ, ಕೇಳಲು ಬಿಡಿ. ತೋಟವನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆಂಬ ಪ್ರಶ್ನೆ ಈಗ ಪ್ರತಿ ಮನೆಯಲ್ಲೂ ಇದೆ. ಮಕ್ಕಳನ್ನು ಬಲವಂತದಿಂದ ಕಟ್ಟಿ ನಿಲ್ಲಿಸುವುದು ಆಗದ ಮಾತು. ತೋಟದ ಕೆಲಸದಲ್ಲೂ ಬುದ್ಧಿಗೆ ಕೆಲಸವಿದೆ, ಕೈಗೆ ಕುತೂಹಲವಿದೆ ಎಂದು ಅವರಿಗೆ ಕಾಣಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಬರುವ ರಜೆಯಲ್ಲಿ ಸದಸ್ಯ ಬಂಧುಗಳು ಇದಕ್ಕಾಗಿ ಒಂದು ದಿನ ತೆಗೆದಿಡುವರೆಂದು ಹಾರೈಸುತ್ತೇವೆ.