ಜಾಲತಾಣದ ಬರಹವು ಓದುಗನಿಗೆ ದೊರೆಯುವ ಬಗೆ

ಬರೆದುದು ಓದುವವನ ಕೈ ಸೇರದಿದ್ದರೆ ಬರೆದವನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆಯೇ ಸರಿ. ನಮ್ಮ ನಾಡಿನ ಅನೇಕ ತರುಣರೂ ಉಪಾಧ್ಯಾಯರೂ ಕೃಷಿಕರೂ ಜಾಲತಾಣಗಳಲ್ಲಿ ಕನ್ನಡದಲ್ಲಿ ಬರೆಯತೊಡಗಿರುವುದು ಸಂತೋಷದ ವಿಷಯವು. ಆದರೆ ಅವರ ಬರಹಗಳಲ್ಲಿ ಎಷ್ಟೋ, ಹುಡುಕುವವನ ಕಣ್ಣಿಗೆ ಬೀಳದೆ ಮೂಲೆ ಸೇರಿರುವುವು. ದೋಷವು ಯಂತ್ರದ್ದೆಂದು ಕೆಲವರು ಹೇಳುವರು. ಅದರ ದೊಡ್ಡ ಪಾಲು ನಮ್ಮ ಬರೆಯುವ ಕ್ರಮದಲ್ಲಿಯೇ ಇದೆಯೆಂದು ನಾವು ಬಗೆಯುವೆವು.

ಸರ್ಚ್ ಎಂಜಿನ್ ಎಂಬುದು ಮಾಡುವ ಕೆಲಸವು ಮೂರು ಬಗೆಯದು. ೧೯೯೮ರಲ್ಲಿ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಎಂಬಿಬ್ಬರು ಸ್ಥಾಪಿಸಿದ ಗೂಗಲನ್ನೇ ತೆಗೆದುಕೊಳ್ಳೋಣ. ಅದರ ಯಂತ್ರವು ಮೊದಲು ಒಂದು ಪುಟದ ಲಿಂಕನ್ನು ಹಿಡಿದು ಮತ್ತೊಂದು ಪುಟಕ್ಕೆ ಹೋಗುತ್ತ ಕಂಡುದನ್ನೆಲ್ಲ ಓದುವುದು. ಬಳಿಕ, ಪುಸ್ತಕಭಂಡಾರದವರು ವಿಷಯಸೂಚಿಯನ್ನು ಬರೆದಿಡುವಂತೆ, ಯಾವ ಪುಟದಲ್ಲಿ ಏನಿದೆಯೆಂದು ಗುರುತುಮಾಡಿಟ್ಟುಕೊಳ್ಳುವುದು. ಕೊನೆಗೆ, ಯಾರಾದರೂ ಪ್ರಶ್ನೆ ಕೇಳಿದಾಗ ತಕ್ಕುದೆಂದು ತೋರಿದ ಪುಟಗಳನ್ನು ಒಂದರ ಕೆಳಗೊಂದರಂತೆ ಮುಂದಿಡುವುದು. ಹಣ ತೆತ್ತವರ ಜಾಹೀರಾತಿಗೆ ಬೇರೆ ಸ್ಥಳವುಂಟು. ಈ ಪಟ್ಟಿಯಲ್ಲಿ ಮೇಲಿನ ಸ್ಥಾನವನ್ನು ಹಣಕ್ಕೆ ಮಾರುವುದಿಲ್ಲವೆಂದು ಗೂಗಲೇ ಹೇಳಿದೆ. ಆದುದರಿಂದ ಬಡ ಲೇಖಕನೂ ನಿರಾಶನಾಗಬೇಕಾದುದಿಲ್ಲ.

ಒಂದು ಉದಾಹರಣೆಯನ್ನು ಕೊಡುವೆವು. ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಅಡಿಕೆ ಬೆಳೆಗಾರನಿಗೆ ಕೊಳೆರೋಗದ ಚಿಂತೆ. ಅದಕ್ಕೆ ಶೇಕಡಾ ೧ರ ಬೋರ್ಡೋ ದ್ರಾವಣವನ್ನು, ಅಂದರೆ ೧೦೦ ಲೀಟರಿಗೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣದಂತೆ ತಯಾರಿಸಿ ಸಿಂಪಡಿಸುವರು. ಅನುಭವಸ್ಥನೊಬ್ಬನು ಈ ಕ್ರಮವನ್ನು ಸೊಗಸಾಗಿ ಬರೆದು, 'ರೈತಬಾಂಧವರಿಗೊಂದು ಕಿವಿಮಾತು' ಎಂದು ತಲೆಬರಹವಿಟ್ಟನೆಂದುಕೊಳ್ಳಿ. ಬೆಳೆಗಾರನು ಕಿವಿಮಾತನ್ನು ಹುಡುಕುವನೇ? ಅವನು ಹುಡುಕುವುದು 'ಅಡಿಕೆ ಕೊಳೆರೋಗ ಔಷಧ' ಎಂದು. 'ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮ' ಎಂದು ಬರೆದಿದ್ದರೆ ಲೇಖನವು ಅವನಿಗೆ ದೊರೆಯುತ್ತಿತ್ತು. ಆ ರೋಗವನ್ನು ಕೆಲವೆಡೆ ಮಹಾಳಿ ಎನ್ನುವರು. ಆ ಹೆಸರೂ ಒಡಲಿನಲ್ಲೊಮ್ಮೆ ಬಂದಿರಲಿ. ಹುಡುಕುವವನ ಬಾಯಲ್ಲಿರುವ ಮಾತು ಯಾವುದು, ಅವನಿಗೆ ಬೇಕಾದ ಉತ್ತರವೇನು ಎಂಬುದನ್ನು ಅರಿಯುವುದೇ ಈ ವಿದ್ಯೆಯ ಮೊದಲ ಪಾಠವು.

ಉಳಿದ ನಿಯಮಗಳು ಸುಲಭವಾದುವು. ಪ್ರತಿ ಪುಟಕ್ಕೂ ಅದರದೇ ಸ್ಪಷ್ಟವಾದ ತಲೆಬರಹವಿರತಕ್ಕದ್ದು. ಉತ್ತರವು ಪೀಠಿಕೆಯ ಕಾಡಿನಲ್ಲಿ ಅಡಗದೆ ಆದಿಯಲ್ಲಿಯೇ ಸಿಗಬೇಕು. ದೀರ್ಘಲೇಖನವನ್ನು ಉಪಶೀರ್ಷಿಕೆಗಳಿಂದ ವಿಭಾಗಿಸಬೇಕು. ಪಟ್ಟಿಯಲ್ಲಿ ತಲೆಬರಹದ ಕೆಳಗೆ ಬರಬಹುದಾದ ಎರಡು ಸಾಲಿನ ಸಾರಾಂಶವನ್ನು ಲೇಖಕನೇ ಬರೆದಿಡುವುದು ಲೇಸು. ಚಿತ್ರದಲ್ಲಿರುವುದೇನೆಂದು ಮಾತಿನಲ್ಲಿಯೂ ಹೇಳಿದರೆ ಯಂತ್ರಕ್ಕೂ ಅಂಧವಾಚಕರಿಗೂ ಉಪಕಾರ. ಒಂದೇ ವಿಷಯದ ತನ್ನ ಲೇಖನಗಳಿಗೆ ಪರಸ್ಪರ ಲಿಂಕು ಕೊಡುವಾಗ 'ಇಲ್ಲಿ ಒತ್ತಿ' ಎನ್ನದೆ ವಿಷಯದ ಹೆಸರನ್ನೇ ಹೇಳಬೇಕು. ಪುಟವು ಮೊಬೈಲಿನಲ್ಲಿ ತಡವಿಲ್ಲದೆ ತೆರೆಯಬೇಕು.

ಕನ್ನಡಕ್ಕೇ ವಿಶೇಷವಾದ ತೊಡಕೊಂದುಂಟು; ಇದರಲ್ಲಿ ನಾವೂ ತಪ್ಪಿತಸ್ಥರೇ. ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿದ್ದರು. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೋ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನವನ್ನು ಕೊಟ್ಟಿತ್ತು. ಆದರೂ ನಮ್ಮ ಪತ್ರಿಕೆಯ ಲೇಖನಗಳನ್ನು ನಾವು ಎಷ್ಟೋ ವರ್ಷ ಹಳೆಯ ಅಕ್ಷರಗಳಲ್ಲಿಯೇ ಜಾಲಕ್ಕೆ ಏರಿಸುತ್ತಿದ್ದೆವು. ನಮ್ಮದೇ ಲೇಖನವೊಂದನ್ನು ಹುಡುಕಿ ಕಾಣದೆ ಹೋದಾಗ ನಮಗೆ ಬುದ್ಧಿ ಬಂದಿತು. ಅವನ್ನು ಯೂನಿಕೋಡಿಗೆ ತಿರುಗಿಸುವ ಕೆಲಸವು ಇನ್ನೂ ನಡೆದಿದೆ. ಪುಟದ ಛಾಯಾಚಿತ್ರವನ್ನು ಮಾತ್ರ ಏರಿಸುವವರಿಗೂ ಇದೇ ಎಚ್ಚರಿಕೆ: ಚಿತ್ರದೊಳಗಿನ ಅಕ್ಷರವನ್ನು ಯಂತ್ರವು ಓದುವುದೆಂದು ನೆಚ್ಚಿ ಕೂಡಲಾಗದು.

ಅಡ್ಡದಾರಿಗಳನ್ನು ಕಲಿಸುವವರೂ ಉಂಟು. ಒಂದೇ ಶಬ್ದವನ್ನು ಸಾಲುಸಾಲಿಗೂ ತುರುಕುವುದು, ಹಣ ಕೊಟ್ಟು ಲಿಂಕುಗಳನ್ನು ಕೊಳ್ಳುವುದು, ಪರರ ಬರಹವನ್ನು ಎತ್ತಿಕೊಳ್ಳುವುದು ಅವರ ಉಪಾಯಗಳು. ಪುಟದ ಹಿಂದೆ ಅಡಗಿಸಿಡುವ ಕೀವರ್ಡುಗಳ ಪಟ್ಟಿಯನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ ೨೦೦೯ರಲ್ಲಿಯೇ ಸಾರಿತು. ೨೦೧೧ರಲ್ಲಿ ಪಾಂಡಾ ಎಂಬ ಮಾರ್ಪಾಟಿನಿಂದ ಜೊಳ್ಳು ಬರಹಗಳನ್ನೂ, ೨೦೧೨ರಲ್ಲಿ ಪೆಂಗ್ವಿನ್ ಎಂಬುದರಿಂದ ಕೃತಕ ಲಿಂಕುಗಳ ತಾಣಗಳನ್ನೂ ಕೆಳಕ್ಕಿಳಿಸಿತು. 'ಒಂದೇ ವಾರದಲ್ಲಿ ಮೊದಲ ಸ್ಥಾನ' ಎಂಬ ಮಾತಿಗೆ ಮರುಳಾಗಿ ಯಾರೂ ದುಡ್ಡು ಕಳೆಯದಿರಲಿ. ಫಲ ಕಾಣಲು ಕೆಲವು ವಾರಗಳೋ ತಿಂಗಳುಗಳೋ ಹಿಡಿಯಬಹುದು. ಯಾವ ಮಾತನ್ನು ಹುಡುಕಿ ಜನರು ತಮ್ಮಲ್ಲಿಗೆ ಬಂದರೆಂಬುದನ್ನು ಸರ್ಚ್ ಕನ್ಸೋಲ್ ಎಂಬ ಗೂಗಲಿನ ಸಾಧನವು ಪುಕ್ಕಟೆಯಾಗಿ ತೋರಿಸುವುದು. ಅದನ್ನು ನೋಡಿ ಬರಹವನ್ನು ತಿದ್ದುತ್ತ ಹೋಗಬೇಕು.

ಕನ್ನಡದಲ್ಲಿ ಕೇಳಿದವನಿಗೆ ಕನ್ನಡದಲ್ಲಿ ಉತ್ತರ ಸಿಗದಿದ್ದರೆ ಅವನು ಮತ್ತೊಂದು ಭಾಷೆಯ ಬಾಗಿಲಿಗೆ ಹೋಗುವನು. ಆ ಭಾಷೆ ಬಾರದವನು ಬರಿಗೈಯಲ್ಲಿ ಹಿಂದಿರುಗುವನು. ಬಲ್ಲವರು ತಮಗೆ ತಿಳಿದುದನ್ನು ಅವನು ಕೇಳುವ ಮಾತಿನಲ್ಲಿಯೇ ತಲೆಬರಹವಿಟ್ಟು, ಪ್ರಾಮಾಣಿಕವಾಗಿ ಬರೆಯಲಿ. ತಮ್ಮ ಹಳೆಯ ಬರಹಗಳಲ್ಲಿ ಒಂದನ್ನಾದರೂ ಇಂದೇ ತೆರೆದು ಅದರ ತಲೆಬರಹವನ್ನು ಪರೀಕ್ಷಿಸಬೇಕೆಂದು ನಾವು ಅವರನ್ನು ಪ್ರಾರ್ಥಿಸುವೆವು.